ಮೂವತ್ತೊಂದು ಮಿಲಿಮೀಟರಿನ ಕಣ್ಣು

ಕಣ್ಣಿಗೆ ಉದ್ದ ಅಂತ ಒಂದು ಇರುತ್ತದೆ ಎಂದು ನನಗೆ ತಿಳಿದದ್ದು ಐವತ್ತರ ಹತ್ತಿರ ಬಂದ ಮೇಲೆ. ಅಲ್ಲಿಯವರೆಗೆ ಕಣ್ಣು ಎಂದರೆ ಗುಂಡಗಿರುವುದು, ದೇವರು ಎಲ್ಲರಿಗೂ ಒಂದೇ ಅಳತೆಯಲ್ಲಿ ಕೊಟ್ಟಿರುವುದು, ನನ್ನದು ಮಾತ್ರ ಯಾಕೋ ಮಂಜು ಎಂದುಕೊಂಡಿದ್ದೆ. ಸಾಮಾನ್ಯ ಜನರ ಕಣ್ಣು ಮುಂದಿನಿಂದ ಹಿಂದಕ್ಕೆ ಇಪ್ಪತ್ತಮೂರು, ಇಪ್ಪತ್ತನಾಲ್ಕು ಮಿಲಿಮೀಟರು ಇರುತ್ತದಂತೆ. ನನ್ನದು ಮೂವತ್ತೊಂದು. ಮೆಣಸಿನ ಕಾಳಿನ ಹಾಗೆ ಗುಂಡಗಿರಬೇಕಾದದ್ದು ನೇರಳೆ ಹಣ್ಣಿನ ಹಾಗೆ ಹಿಂದಕ್ಕೆ ಚಾಚಿಕೊಂಡಿದೆ.

ಇದನ್ನು ಬರೆಯುತ್ತಿರುವುದು ಕಣ್ಣಿನ ವಿಷಯದಲ್ಲಿ ಯಾರಿಗೂ ಬುದ್ಧಿ ಹೇಳುವುದಕ್ಕಲ್ಲ. ನನಗೆ ಒಬ್ಬರ ಮೇಲೆ ಸಿಟ್ಟಿದೆ. ಅವರು ನನ್ನ ಗಂಡನ ಅಣ್ಣನ ಹೆಂಡತಿ, ನನ್ನ ಓರಗಿತ್ತಿ. ಇಪ್ಪತ್ತೊಂಬತ್ತು ವರ್ಷ ಒಂದೇ ಒಲೆಯ ಮುಂದೆ ಜೊತೆಗಿದ್ದವರು. ದಿನಾ ಪೂಜೆ ಮಾಡುವವಳು ಸಿಟ್ಟಿನ ಬಗ್ಗೆ ಬರೆಯಬಾರದು ಎನ್ನುವವರು ಇದ್ದಾರೆ. ದೇವರ ಮುಂದೆಯೇ ಮುಚ್ಚಿಡದೆ ಇದ್ದದ್ದನ್ನು ಕಾಗದದ ಮುಂದೆ ಯಾಕೆ ಮುಚ್ಚಿಡಲಿ?

ನಮ್ಮ ಮನೆ ಬಾಳ್ಳುಪೇಟೆಯಿಂದ ಎರಡು ಮೈಲಿ ಒಳಗೆ. ಭಾವನವರಿಗೆ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ. ನಮ್ಮವರು ಹೊಂಗಡಹಳ್ಳದ ಕಡೆಯ ಕಾಫಿ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್; ಸೋಮವಾರ ಹೋದರೆ ಶನಿವಾರ ಬರುತ್ತಾರೆ. ಹಾಗಾಗಿ ವಾರವೆಲ್ಲ ಮನೆಯಲ್ಲಿ ನಾವಿಬ್ಬರೇ ಹೆಂಗಸರು. ನಾನು ಮದುವೆಯಾಗಿ ಬಂದಾಗ ಮೈನಸ್ ಹದಿನೆಂಟರ ಕನ್ನಡಕ ಹಾಕಿಕೊಂಡೇ ಬಂದೆ. ಧಾರೆಯ ಹೊತ್ತಿಗೆ ತೆಗೆಸಿದ್ದರು, ಗಂಡನ ಮುಖ ಕಂಡದ್ದು ಊಟಕ್ಕೆ ಕೂತ ಮೇಲೆ. ನನ್ನ ಓರಗಿತ್ತಿ ಆ ಕನ್ನಡಕವನ್ನು ಮೊದಲ ದಿನವೇ ಕೈಯಲ್ಲಿ ಹಿಡಿದು ತೂಗಿ ನೋಡಿ, "ಅಯ್ಯೋ ಶಿವನೇ, ಇದೇನ್ ಮಾರಾಯ್ತಿ, ಸೋಡಾ ಬಾಟ್ಲಿ ತಳ ಕಿತ್ಕಂಡ್ ಬಂದಿದೀಯಾ?" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಹೊಸ ಸೊಸೆ ಇನ್ನೇನು ಮಾಡುತ್ತಾಳೆ?

ಅವರು ಕೆಟ್ಟವರಲ್ಲ ಎಂದು ಊರು ಹೇಳುತ್ತದೆ. ಕಾಯಿಲೆಯಾದವರ ಮನೆಗೆ ಗಂಜಿ ಕಳಿಸುತ್ತಾರೆ, ಹೆರಿಗೆಗೆ ಹೋಗಿ ನಿಲ್ಲುತ್ತಾರೆ. ಎಲ್ಲವೂ ನಿಜ. ಆದರೆ ಒಂದು ಮನೆಯಲ್ಲಿ ಎರಡು ಬಾಯಿ ಇರಬಾರದು ಎಂಬುದು ಅವರ ನಿಯಮ. ನಮ್ಮ ಕಡೆ ಹಿರಿಯ ಸೊಸೆ ಪಕ್ಕದಲ್ಲಿದ್ದರೆ ಕಿರಿಯಳು ಹೊರಗಿನವರಿಗೆ ಉತ್ತರ ಕೊಡುವ ಪದ್ಧತಿ ಇಲ್ಲ. ಬಳೆಗಾರ ಯಾವ ಬಣ್ಣ ಎಂದು ನನ್ನನ್ನು ಕೇಳಿದರೂ ಹೇಳುವವರು ಅವರು. ಟೈಲರು ತೋಳು ಎಷ್ಟು ಉದ್ದ ಎಂದರೂ ಅವರೇ. ಬಳೆಗೂ ತೋಳಿಗೂ ಯಾರು ಜಗಳ ಆಡುತ್ತಾರೆ, ಹೋಗಲಿ ಎಂದು ಬಿಟ್ಟೆ. ಬಿಟ್ಟದ್ದೇ ಅವರಿಗೆ ಅಭ್ಯಾಸವಾಯಿತು.

ನನ್ನದು ಎಂದು ಇದ್ದದ್ದು ಬೆಳಗಿನ ಪೂಜೆ ಒಂದೇ. ನಾವು ಲಿಂಗವಂತರು. ಸ್ನಾನ ಮಾಡಿ, ಮಣೆಯ ಮೇಲೆ ಕೂತು, ಕೊರಳಿನ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು, ಎಡ ಅಂಗೈಯಲ್ಲಿಟ್ಟು, ರೆಪ್ಪೆ ಬಡಿಯದೆ ನೋಡುವುದು. ನನಗೆ ಎಂಟು ವರ್ಷವಿದ್ದಾಗ ಲಿಂಗ ಕಟ್ಟಿದ ಗುರುಗಳು, ಆಗ ತಾನೇ ಕನ್ನಡಕ ಬಂದಿದ್ದ ನನ್ನ ಮುಖ ನೋಡಿ, "ಇದನ್ನ ತೆಗೆದಿಟ್ಟು ಕೂತ್ಕೊ ಮಗಳೇ, ಅದಕ್ಕೂ ನಿನಗೂ ಮಧ್ಯ ಯಾರೂ ಬರೋದು ಬೇಡ" ಎಂದಿದ್ದರು. ಕನ್ನಡಕ ತೆಗೆದರೆ ನನಗೆ ಕಾಣುತ್ತಿದ್ದದ್ದು ಮೂಗಿನಿಂದ ನಾಲ್ಕು ಬೆರಳು ದೂರ ಮಾತ್ರ. ಆದರೆ ಆ ನಾಲ್ಕು ಬೆರಳಿನಲ್ಲಿ ಕಾಣುತ್ತಿದ್ದದ್ದು ಬೇರೆ ಯಾರಿಗೂ ಕಾಣುತ್ತಿರಲಿಲ್ಲ. ಲಿಂಗದ ಮೇಲಿನ ಕಪ್ಪು ಲೇಪದಲ್ಲಿ, ಆ ಕಂತಿಯಲ್ಲಿ, ದೀಪದ ಕುಡಿ ನಿಂತಿರುವುದು, ವಿಭೂತಿಯ ಒಂದೊಂದು ಕಣ ಕಲ್ಲುಸಕ್ಕರೆಯ ಹರಳಿನ ಹಾಗೆ ಬಿದ್ದಿರುವುದು, ಪತ್ರೆಯ ನರ. ಕುರುಡಿಯಂಥವಳಿಗೆ ದೇವರು ಇಷ್ಟು ದೊಡ್ಡದಾಗಿ ಕಾಣಿಸಿಕೊಳ್ಳುತ್ತಾನಲ್ಲ, ಇದೊಂದು ದಯೆ ಎಂದು ದಿನಾ ಎಣಿಸುತ್ತಿದ್ದೆ.

ಓರಗಿತ್ತಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ಎಣಿಸುತ್ತಿದ್ದದ್ದು ಬೇರೆ. "ಪೂಜೆ ಮಾಡ್ತಿದೀಯೋ, ಮೂಸ್ತಿದೀಯೋ?" ಎನ್ನುವರು. ನೆಂಟರು ಬಂದರೆ, "ನಮ್ಮ ಚಿಕ್ಕೋಳು ದೇವ್ರನ್ನ ಕಣ್ಣಲ್ಲ, ಮೂಗಲ್ಲೇ ನೋಡೋದು ಕಣ್ರೀ" ಎಂದು ನನ್ನ ಹಾಗೆ ಅಂಗೈ ಮೂಗಿಗೆ ಹಿಡಿದು ತೋರಿಸುವರು. ಅದನ್ನೂ ನುಂಗಿದೆ.

ನಲವತ್ತೊಂಬತ್ತಕ್ಕೇ ಎರಡೂ ಕಣ್ಣಿಗೆ ಪೊರೆ ಬಂತು. ಇಂಥ ಕಣ್ಣಿಗೆ ಬೇಗ ಬರುತ್ತದಂತೆ. ಎಡಗಣ್ಣು ಮೊದಲು ಮಾಡಿಸುವುದು ಎಂದಾಯಿತು. ಯಾವ ಊರು, ಯಾವ ಆಸ್ಪತ್ರೆ ಎಂದು ಬರೆಯುವುದಿಲ್ಲ. ಓರಗಿತ್ತಿಯ ತವರಿನ ಪರಿಚಯ, ಅವರೇ ಮುಂದಾಗಿ ಕರೆದುಕೊಂಡು ಹೋದರು. ಅಲ್ಲಿ ಕಣ್ಣಿಗೆ ಮರಗಟ್ಟುವ ಹನಿ ಹಾಕಿ, ಪೆನ್ನಿನಂಥದ್ದೊಂದನ್ನು ಕಣ್ಣುಗುಡ್ಡೆಗೇ ಮುಟ್ಟಿಸಿ ಅಳೆದರು. ಶಬ್ದ ಒಳಗೆ ಹೋಗಿ ತಿರುಗಿ ಬರುವುದರ ಮೇಲೆ ಉದ್ದ ಗೊತ್ತಾಗುತ್ತದಂತೆ, ಬಾವಿಗೆ ಕಲ್ಲು ಹಾಕಿ ಆಳ ಕೇಳಿದ ಹಾಗೆ. ಮುಟ್ಟಿದಾಗಲೆಲ್ಲ ನಾನು ಬೆಚ್ಚುತ್ತಿದ್ದೆ. ಒಂದೊಂದು ಸಲ ಒಂದೊಂದು ಅಳತೆ ಬಂತು. ಕೊನೆಗೆ ಯಾವುದೋ ಒಂದನ್ನು ಚೀಟಿಯಲ್ಲಿ ಬರೆದರು.

ಆಮೇಲೆ ಡಾಕ್ಟರು ನನ್ನ ಮುಖ ನೋಡಿಯೇ ಕೇಳಿದರು: "ಒಳಗೆ ಹಾಕೋ ಲೆನ್ಸು ಒಂದೇ ದೂರಕ್ಕೆ ಹೊಂದೋದು ಅಮ್ಮ. ಕನ್ನಡಕ ಇಲ್ಲದೆ ನಿಮಗೆ ದೂರದ್ದು ಕಾಣಬೇಕೋ, ಹತ್ತಿರದ್ದು ಕಾಣಬೇಕೋ?"

ನನ್ನ ಜನ್ಮದಲ್ಲಿ ಯಾರೂ ಅಂಥ ಪ್ರಶ್ನೆ ಕೇಳಿರಲಿಲ್ಲ. ನಾನು ಬಾಯಿ ತೆರೆದೆ. ಓರಗಿತ್ತಿ ನನ್ನ ಮಂಡಿಯ ಮೇಲೆ ಕೈಯಿಟ್ಟು ಒತ್ತಿದರು.

"ದೂರ್‌ದ್ದೇ ಕಾಣ್ಲಿ ಬುಡಿ ಡಾಕ್ಟ್ರೇ. ಬಸ್ ಬೋರ್ಡ್ ಓದಕ್ಕಾಗಲ್ಲ ಇವ್ಳಿಗೆ, ಗೇಟಲ್ ಬಂದೋರು ಯಾರು ಅಂತ ಗೊತ್ತಾಗಲ್ಲ. ಹತ್ರದ್ದು ಕಂಡು ಏನಾಗ್ಬೇಕೈತೆ, ಅಕ್ಕಿ ಆರ್ಸಕ್ಕೆ ನಾನಿದೀನಿ."

"ಅಕ್ಕಾ, ಪೂಜೆಗೆ..." ಅಂದೆ.

"ಸುಮ್ನಿರು, ಅವ್ರಿಗೆ ಹೊತ್ತಾಗ್ತೈತೆ."

ಡಾಕ್ಟರು ನನ್ನನ್ನು ಇನ್ನೊಂದು ಸಲ ನೋಡಿದರು. ನಾನು ತಲೆ ತಗ್ಗಿಸಿದೆ. ಅವರು ಬರೆದುಕೊಂಡರು. ಇಲ್ಲಿ ನನ್ನ ತಪ್ಪೂ ಇದೆ, ಒಪ್ಪುತ್ತೇನೆ. ತಲೆ ತಗ್ಗಿಸಿದ್ದು ನಾನು. ಆದರೆ ತಗ್ಗಿಸುವುದನ್ನು ಕಲಿಸಿದವರು ಯಾರು?

ಪಟ್ಟಿ ಬಿಚ್ಚಿದಾಗ ಬೆಳಕು ಬಂತು. ಬಣ್ಣ ಬಂತು. ಗೋಡೆ ನಾನು ಹಳದಿ ಎಂದುಕೊಂಡಿದ್ದದ್ದು ಬಿಳಿ. ಆದರೆ ಗಡಿಯಾರದ ಮುಳ್ಳು ಕಾಣಲಿಲ್ಲ, ಅಂಗೈಯ ಗೆರೆಯೂ ಕಾಣಲಿಲ್ಲ. ಅಳತೆ ತಪ್ಪಿ, ದೂರವನ್ನೂ ದಾಟಿ ಎಲ್ಲಿಗೋ ಹೋಗಿಬಿಟ್ಟಿತ್ತು. ದೂರಕ್ಕೊಂದು, ಹತ್ತಿರಕ್ಕೊಂದು ಕನ್ನಡಕ ಬೇಕು ಅಂದರು. ಮನೆಗೆ ಬಂದು ಅಂಗೈಯಲ್ಲಿ ಲಿಂಗ ಇಟ್ಟು ಬಲಗಣ್ಣು ಮುಚ್ಚಿ ನೋಡಿದೆ. ಮೂಗಿಗೆ ಹಿಡಿದೆ, ಕೈ ಚಾಚಿ ಹಿಡಿದೆ. ಮಸಿ ಚೆಲ್ಲಿದ ಹಾಗೆ ಒಂದು ಕಪ್ಪು.

ಬಾಗಿಲಿಂದ ಓರಗಿತ್ತಿ, "ಈಗ್ಲಾದ್ರೂ ಮೂಸೋದು ತಪ್ತಲ್ಲ" ಅಂದರು.

ಆ ಮಾತಿನ ದಿನದಿಂದ ನನ್ನ ಎದೆಯಲ್ಲಿ ಒಂದು ಕೆಂಡ ಕೂತಿತು. ಅಳತೆ ತಪ್ಪಿದ್ದು ಪೆನ್ನಿನ ತಪ್ಪು, ಅದಕ್ಕೆ ನಾನು ಯಾರನ್ನೂ ಬೈಯುವುದಿಲ್ಲ. ಸರಿಯಾಗಿ ಅಳೆದಿದ್ದರೂ ಆ ಕಣ್ಣಿಗೆ ಕಾಣುತ್ತಿದ್ದದ್ದು ಬಸ್ಸಿನ ಬೋರ್ಡು, ನನ್ನ ಲಿಂಗವಲ್ಲ. ಆ ಉತ್ತರ ಅವರದು.

ಎರಡು ವರ್ಷ ಬಲಗಣ್ಣಿನಲ್ಲೇ ನಾಲ್ಕು ಬೆರಳಿನ ಪೂಜೆ ಮಾಡಿದೆ. ಪೊರೆ ದಪ್ಪವಾಗುತ್ತಾ ಬಂತು. ಮೊದಲು ಪತ್ರೆಯ ನರ ಹೋಯಿತು, ಆಮೇಲೆ ವಿಭೂತಿಯ ಕಣ, ಆಮೇಲೆ ದೀಪದ ಕುಡಿ. ಇದ್ದ ಒಂದು ಕಣ್ಣೂ ಎಡದ ಹಾಗೇ ಆದರೆ ನನ್ನ ದೇವರನ್ನು ಬರಿಗಣ್ಣಲ್ಲಿ ನೋಡುವುದು ಮುಗಿಯಿತು ಎಂದು ಹೆದರಿಕೆ. ಆ ಎರಡು ವರ್ಷ ನಾನು ಸಣ್ಣ ಸಣ್ಣ ಸೇಡು ತೀರಿಸಿಕೊಂಡೆ. ಅವರ ಕಾಫಿಗೆ ಬೆಲ್ಲ ಒಂದು ಚೂರು ಕಡಿಮೆ. ಅವರ ಸೀರೆ ಮಡಿಸುವಾಗ ಸೆರಗು ಒಳಗೆ. ಅವರಿಗೆ ಬಂದ ಫೋನು ನನಗೆ ಕೇಳಿಸುವುದಿಲ್ಲ. ಪೂಜೆಯಲ್ಲಿ ಕೂತು, "ಅವರಿಗೆ ಕೆಟ್ಟದ್ದು ಮಾಡಬೇಡಪ್ಪಾ, ಆದರೆ ಒಂದು ದಿನ ಗೊತ್ತಾಗಲಿ" ಎಂದು ಬೇಡುತ್ತಿದ್ದೆ. ಹೇಗೆ ಗೊತ್ತಾಗಬೇಕು ಎಂದೂ ಒಂದೆರಡು ದಾರಿ ಸೂಚಿಸುತ್ತಿದ್ದೆ.

ದಾರಿ ತೋರಿಸಿದವಳು ಬಾಳ್ಳುಪೇಟೆಯ ನನ್ನ ಗೆಳತಿ. ಕಾಫಿ ವ್ಯಾಪಾರದ ಸಾಹೇಬರ ಹೆಂಡತಿ, ನನ್ನಷ್ಟೇ ವಯಸ್ಸು, ನನಗಿಂತ ಸ್ವಲ್ಪ ಕಡಿಮೆ ನಂಬರಿನ ಕನ್ನಡಕದವಳು. ಅವಳಿಗೆ ಹಾಸನದಲ್ಲಿ ಎರಡೂ ಕಣ್ಣಿನ ಆಪರೇಷನ್ ಆಗಿತ್ತು. ಪೇಟೆಯಲ್ಲಿ ಸಿಕ್ಕಾಗ ಬರಿಗಣ್ಣಲ್ಲೇ ನನ್ನನ್ನು ಗುರುತು ಹಿಡಿದಳು.

"ಅಲ್ಲಿ ಕಣ್ಣಿಗೆ ಮುಟ್ಟೋದೇ ಇಲ್ಲ ಕಣಕ್ಕ. ಲೇಸರ್ ಬೆಳಕಲ್ಲೇ ಅಳೀತಾರೆ. ಚುಕ್ಕಿ ನೋಡು ಅಂತಾರೆ, ನೋಡಿದ್ರೆ ಆಗೋಯ್ತು."

"ನಂದು ಬಲು ಕೆಟ್ಟ ಕಣ್ಣು."

"ನಂದೇನು ಒಳ್ಳೇದಿತ್ತಾ? ಮದ್ವೇಲಿ ನಮ್ಮತ್ತೆ ಅಂತ ಯಾರ್ದೋ ಕಾಲಿಗೆ ಬಿದ್ದಿದ್ದೆ ಮಾರಾಯ್ತಿ! ನಡೀ, ಮಂಗಳ್ವಾರ ನಾನೇ ಬತ್ತೀನಿ. ನಿಮ್ಮ ದೊಡ್ಡೋರ್ಗೆ ಏನ್ ಹೇಳ್ತೀಯಾ?"

"ಆಲೂರಲ್ಲಿ ಕೆಲಸ ಐತೆ ಅಂತೀನಿ."

ಸುಳ್ಳು ಹೇಳಿದೆ. ಆಲೂರಿನ ತಾಲ್ಲೂಕು ಆಫೀಸಿಗೆ ಪಹಣಿ ತರಲು ಹೋಗುತ್ತೇನೆ ಎಂದೆ. ಬಸ್ಸು ಆಲೂರಿನಲ್ಲಿ ನಿಂತಾಗ ಇಳಿಯದೆ ಮುಂದಿನ ಸೀಟಿನ ಕಂಬಿ ಹಿಡಿದು ಕೂತಿದ್ದೆ. ಬಸ್ಸು ಹೊರಟಿತು. ಗೆಳತಿ ಚೀಲದಿಂದ ಚಕ್ಕುಲಿ ತೆಗೆದು ಕೊಟ್ಟಳು.

ಆಸ್ಪತ್ರೆಯಲ್ಲಿ ಅಳತೆಯ ಕೋಣೆಯಲ್ಲಿದ್ದದ್ದು ನನ್ನ ತಂಗಿಯ ಮಗಳ ವಯಸ್ಸಿನ ಹುಡುಗಿ. ಗದ್ದ ಇಲ್ಲಿ, ಹಣೆ ಅಲ್ಲಿ ಎಂದು ಒರಗಿಸಿದಳು. ಒಳಗೆ ಕತ್ತಲೆ, ನಡುವೆ ಒಂದು ಕೆಂಪು ಚುಕ್ಕಿ.

"ಆ ಚುಕ್ಕಿನೇ ನೋಡ್ತಿರಿ ಅಮ್ಮ, ಕಣ್ಣು ಮಿಟುಕಿಸ್ಬೇಡಿ."

ಮಿಟುಕಿಸದೆ ನೋಡುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಲವತ್ತು ವರ್ಷ ಮಾಡಿದ್ದು ಅದನ್ನೇ. ಬೆನ್ನು ನೆಟ್ಟಗೆ ಮಾಡಿದೆ, ಒಳಗೇ ಮಂತ್ರ ಶುರುಮಾಡಿದೆ, ನೋಡಿದೆ. ಮಂಜಿನ ಹಿಂದೆ ಚುಕ್ಕಿ ದಾಸವಾಳದ ಹಾಗೆ ಹರಡಿಕೊಂಡಿತ್ತು. ಯಂತ್ರ ಒಂದು ಸದ್ದು ಮಾಡಿತು.

"ಅಳತೆ ಸಿಗ್ತಿಲ್ಲ. ಪೊರೆ ದಪ್ಪ ಇದೆ, ಬೆಳಕು ಒಳಗೆ ಹೋಗ್ತಿಲ್ಲ."

"ಸಿಗದೆ ಇದ್ದರೆ?"

"ಶಬ್ದದಲ್ಲೇ ಅಳೀಬೇಕಾಗುತ್ತೆ."

"ಇನ್ನೊಂದು ಸಲ ನೋಡವ್ವ" ಅಂದೆ. ನೋಡಿದಳು. ಇಲ್ಲ. ಕಣ್ಣು ಒದ್ದೆ ಮಾಡಲು ಹನಿ ಹಾಕಿದಳು, ಇನ್ನೊಂದು ಸಲ. ಇಲ್ಲ. ನಾಲ್ಕನೆಯ ಸಲಕ್ಕೆ ನಾನು ಮಂತ್ರವನ್ನೂ ಬಿಟ್ಟೆ. ನಿಜ ಹೇಳಬೇಕೆಂದರೆ ಆಗ ನನ್ನೊಳಗೆ ಇದ್ದದ್ದು ಭಕ್ತಿಯಲ್ಲ. ಮಂಡಿಯ ಮೇಲೆ ಒತ್ತಿದ ಆ ಕೈ. ಅದನ್ನು ನೆನೆದುಕೊಂಡು, ಹಲ್ಲು ಕಚ್ಚಿ, ಆ ಚುಕ್ಕಿಯ ಅಂಚು ಹುಡುಕಿ, ಅದರ ನಟ್ಟನಡುವೆ ಕಣ್ಣು ನೆಟ್ಟೆ.

"ಬಂತು!" ಅಂದಳು ಹುಡುಗಿ. "ಇನ್ನೊಂದು... ಅದೇ ಬಂತು. ಮೂರನೇದೂ ಅದೇ. ಅಮ್ಮಾ, ಸಾಕು, ಉಸಿರಾಡಿ!"

ಮೂವತ್ತೊಂದು.

ಎಡಗಣ್ಣನ್ನೂ ಬೆಳಕಿನಲ್ಲಿ ಅಳೆದರು. ನನ್ನ ಚೀಲದಲ್ಲಿ ಹಳೆಯ ಚೀಟಿ ಇತ್ತು, ಅಲ್ಲಿನ ಡಾಕ್ಟರಮ್ಮ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದರು. ಒಂದೂವರೆ ಮಿಲಿಮೀಟರು ವ್ಯತ್ಯಾಸ. ಅಕ್ಕಿಕಾಳಿನ ದಪ್ಪ. ಅವರು ಯಾರನ್ನೂ ದೂರಲಿಲ್ಲ, ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಇಷ್ಟು ಉದ್ದದ ಕಣ್ಣಿನ ಹಿಂಗೋಡೆ ಕೆಲವರಲ್ಲಿ ಚೀಲದ ಹಾಗೆ ಜೋತುಬಿದ್ದಿರುತ್ತದೆ. ಶಬ್ದ ಆ ಚೀಲದ ತಳಕ್ಕೆ ಹೋಗಿ ತಿರುಗುತ್ತದೆ. ನಾವು ನೋಡುವ ಜಾಗ ಇರುವುದು ತಳದಲ್ಲಲ್ಲ, ಇಳಿಜಾರಿನಲ್ಲಿ.

"ಬೆಳಕಿಗೆ ಆ ಜಾಗ ಹೇಗೆ ಗೊತ್ತಾಗುತ್ತೆ ಡಾಕ್ಟ್ರೇ?"

"ನೀವು ಚುಕ್ಕೀನ ನೋಡ್ತಿರ್ತೀರಲ್ಲ. ನೀವು ಯಾವ ಜಾಗದಿಂದ ನೋಡ್ತೀರೋ ಬೆಳಕು ಅಲ್ಲಿಗೇ ಹೋಗುತ್ತೆ. ತೋರಿಸೋರು ನೀವೇ."

ಆ ಮಾತು ಕೇಳಿ ನನಗೆ ಅಳು ಬಂತು. ಗೆಳತಿ ತನ್ನ ದುಪಟ್ಟದ ತುದಿ ಕೊಟ್ಟಳು.

ಮತ್ತೆ ಅದೇ ಪ್ರಶ್ನೆ ಬಂತು. ದೂರವೋ, ಹತ್ತಿರವೋ? ಗೆಳತಿ ಬೇಕೆಂದೇ ಕಿಟಕಿಯ ಕಡೆ ತಿರುಗಿ ಕೂತಳು. ನಾನು ಹೇಳಿದೆ, ಅಂಗೈಯಲ್ಲಿರುವ ಲಿಂಗ ಬರಿಗಣ್ಣಿಗೆ ಕಾಣಬೇಕು, ಬೇರೆ ಏನೂ ಕಾಣದಿದ್ದರೂ ಚಿಂತೆಯಿಲ್ಲ. ಮೊದಲಿನ ಹಾಗೆ ನಾಲ್ಕು ಬೆರಳಿಗೇ ಕಾಣುವಂತೆ ಆಗುತ್ತದೆಯೇ ಎಂದೂ ಕೇಳಿದೆ. ಡಾಕ್ಟರಮ್ಮ ತಲೆಯಾಡಿಸಿದರು.

"ಹಾಗೆ ಮಾಡಿದ್ರೆ ಮತ್ತೆ ಅದೇ ದಪ್ಪ ಕನ್ನಡಕ ಹಾಕ್ಕೊಂಡು ತಡವರಿಸ್ಬೇಕು. ಅದು ಬೇಡ. ನೀವು ಕೈ ಹಿಡಿಯೋ ದೂರ ತೋರಿಸಿ, ಅದಕ್ಕೆ ಹೊಂದಿಸೋಣ. ಇಂಥ ಕಣ್ಣಲ್ಲಿ ಸ್ವಲ್ಪ ಆಚೀಚೆ ಆಗಬಹುದು, ಪೂರ್ತಿ ಮಾತು ಕೊಡಲ್ಲ."

ನಾನು ಎಂದೂ ಮೂಗಿನಿಂದ ದೂರ ಕೈ ಹಿಡಿದವಳೇ ಅಲ್ಲ. ಸರಿಯಾದ ದೂರ ಯಾವುದು ಎಂದು ನನಗೆ ಗೊತ್ತಿದ್ದದ್ದು ಓರಗಿತ್ತಿಯನ್ನು ನೋಡಿ. ಅವರು ಪಟ್ಟದ ಮೇಲೆ ಕೂತವರ ಹಾಗೆ ನೆಟ್ಟಗೆ ಕೂತು, ಮೊಣಕೈ ಮಡಿಸಿ, ಎದೆಯ ನೇರಕ್ಕೆ ಅಂಗೈ ಹಿಡಿಯುತ್ತಾರೆ. ಅವರ ಹಾಗೇ ಕೂತು, ಅವರ ಹಾಗೇ ಹಿಡಿದು ತೋರಿಸಿದೆ. ಅಳತೆಯ ಹುಡುಗಿ ಸ್ಕೇಲು ತಂದು ನನ್ನ ಕಣ್ಣಿನಿಂದ ಅಂಗೈಗೆ ಹಿಡಿದಳು. ಮೂವತ್ತಮೂರು ಸೆಂಟಿಮೀಟರು. ಬರೆದುಕೊಂಡರು.

ಶನಿವಾರ ನಮ್ಮವರು ಬಂದಾಗ ಅವರಿಗೊಬ್ಬರಿಗೆ ಹೇಳಿದೆ. ಅವರು "ಅತ್ತಿಗೇಗೆ ಒಂದ್ ಮಾತು..." ಅಂದರು. "ಆಪರೇಷನ್ ಆದ್ಮೇಲೆ" ಅಂದೆ. ಆ ಧ್ವನಿ ಅವರು ಕೇಳಿರಲಿಲ್ಲ, ರಜ ಹಾಕಿ ಜೊತೆಗೆ ಬಂದರು.

ಆಪರೇಷನ್ನಿಗೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ಒಂದು ವಾರ ತಲೆಗೆ ನೀರು ಬೇಡ, ಹಣೆಗೆ ವಿಭೂತಿ ಬೇಡ ಎಂದರು. ಮೂರನೆಯ ದಿನ ಬೆಳಿಗ್ಗೆ ಕುತ್ತಿಗೆಯವರೆಗೆ ಸ್ನಾನ ಮಾಡಿ ಮಣೆಯ ಮೇಲೆ ಕೂತೆ. ಕೈ ಎದೆಯ ನೇರಕ್ಕೆ ತಂದೆ. ಮೊದಲು ಅಂಗೈಯ ಗೆರೆಗಳು ಕಂಡವು, ಒಂದೊಂದಾಗಿ. ಆಮೇಲೆ ಲಿಂಗ.

ಇಷ್ಟು ಚಿಕ್ಕದಾ? ಅದೇ ನನಗೆ ಮೊದಲು ಬಂದ ಮಾತು. ನಾಲ್ಕು ಬೆರಳಿನಲ್ಲಿ ಬೆಟ್ಟದಂತೆ ನಿಲ್ಲುತ್ತಿದ್ದದ್ದು ಈಗ ಅಂಗೈಯಲ್ಲಿ ಒಂದು ಹಣ್ಣಿನಷ್ಟು. ವಿಭೂತಿ ಬರೀ ಬಿಳಿ ಗೆರೆ, ಕಣ ಇಲ್ಲ. ಪತ್ರೆಗೆ ನರ ಇದೆ, ಹುಡುಕಬೇಕು. ಆದರೆ ಅಂಚು ಚೂಪಾಗಿತ್ತು. ಕಂತಿಯ ಮೇಲೆ ದೀಪದ ಕುಡಿ, ಸೂಜಿಮೊನೆಯಷ್ಟು, ಅಲ್ಲಾಡುತ್ತಿತ್ತು. ಅಳತೆ ತಪ್ಪಿರಲಿಲ್ಲ. ಎಡಗಣ್ಣು ಮುಚ್ಚಿಕೊಂಡು, ಬಲಗಣ್ಣಿನಲ್ಲಿ, ಎಷ್ಟು ಹೊತ್ತು ನೋಡಿದೆನೋ.

ಕಣ್ಣು ನೋಡಲು ನೆಂಟರು ಬರತೊಡಗಿದರು. ಸೇಬು, ಬನ್ನು, ಬಿಸ್ಕತ್ತು. ಭಾನುವಾರ ನಡುಮನೆ ತುಂಬಿತ್ತು. ನಾನು ಕಪ್ಪು ಕನ್ನಡಕ ಹಾಕಿ ಕುರ್ಚಿಯಲ್ಲಿದ್ದೆ. ಓರಗಿತ್ತಿ ಕಾಫಿ ಹಂಚುತ್ತಾ, ತಮಗೆ ಹೇಳದೆ ಮಾಡಿಸಿಕೊಂಡದ್ದಕ್ಕೆ ನಾಲ್ಕು ದಿನ ಮುಖ ಊದಿಸಿಕೊಂಡಿದ್ದವರು, ಎಲ್ಲರಿಗೂ ಕೇಳುವಂತೆ ಅಂದರು:

"ನಾನ್ ಮೊದ್ಲೇ ಹೊತ್ಕಂಡೋಗಿ ಒಂದ್ ಕಣ್ ಮಾಡಿಸ್ದೆ ಕಣ್ರೀ, ಅದ್ಕೇ ಇವ್ಳಿಗೆ ಧೈರ್ಯ ಬಂದದ್ದು. ಇಲ್ದಿದ್ರೆ ಇಷ್ಟೊತ್ಗೆ ಕುರುಡಿ ಆಗೋಗ್ಬುಡ್ತಿದ್ಲು."

ಎಷ್ಟೋ ಸಲ ಮನಸ್ಸಿನಲ್ಲಿ ಈ ದಿನವನ್ನು ಆಡಿದ್ದೆ. ಕೂಗಾಡುತ್ತೇನೆ, ಅಳುತ್ತೇನೆ ಎಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ಕನ್ನಡಕ ತೆಗೆದೆ.

"ಅಕ್ಕಾ, ಒಂದು ಕಣ್ಣಿಗೆ ಉತ್ತರ ಹೇಳಿದ್ದು ನೀವು. ಇನ್ನೊಂದಕ್ಕೆ ಹೇಳಿದ್ದು ನಾನು. ನೀವ್ ಹೇಳಿದ ಕಣ್ಣಲ್ಲಿ ನಂಗೆ ನನ್ನ ಲಿಂಗ ಕಾಣಲ್ಲ. ಇನ್ ಮುಂದೂ ಕಾಣಲ್ಲ."

ಓರಗಿತ್ತಿ ನನ್ನ ಕಡೆ ತಿರುಗಿದರು.

"ನಿನ್ ಒಳ್ಳೇದಕ್ಕೇ ಅಲ್ವೇನೆ ಅಂದದ್ದು?"

"ನನ್ನ ಕೇಳಿದ್ರಾ?"

"ಕೇಳಿದ್ರೆ ಏನ್ ಅಂತಿದ್ದೆ ನೀನು?"

"ಅಂಗೈ ಕಾಣ್ಲಿ ಅಂತಿದ್ದೆ. ಅನ್ನಕ್ಕೆ ಬಾಯಿ ತೆಗ್ದಿದ್ದೆ. ನೀವ್ ನನ್ ಮಂಡಿ ಒತ್ತುದ್ರಿ."

ಅವರ ಮುಖ ನನಗೆ ಮಸುಕು. ಅಷ್ಟು ದೂರಕ್ಕೆ ನನ್ನ ಹೊಸ ಕಣ್ಣು ಹೊಂದಿಸಿದ್ದಲ್ಲ. ಮೂಲೆಯಿಂದ ಯಾರೋ ಹಿರಿಯರು, "ಹೋಗ್ಲಿ ಬುಡವ್ವ, ಅಕ್ಕ ತಂಗೀರಲ್ಲಿ ಏನು" ಅಂದರು.

"ಬುಡಲ್ಲ ದೊಡ್ಡಪ್ಪ" ಅಂದೆ.

ಓರಗಿತ್ತಿ ತಟ್ಟೆಯನ್ನು ಕಿಟಕಿಯ ಮೇಲಿಟ್ಟು ಒಳಗೆ ಹೋದರು. ಕಾಫಿ ಇನ್ನೂ ಮೂವರಿಗೆ ಕೊಡುವುದಿತ್ತು. ನಾನೇ ಎದ್ದು ಕೊಟ್ಟೆ, ಒಂದು ತೊಟ್ಟೂ ಚೆಲ್ಲದೆ.

ಮರುದಿನ ಬೆಳಿಗ್ಗೆ ಎಸ್ಟೇಟಿಗೆ ಹೊರಡುವ ಮುಂಚೆ ನಮ್ಮವರು, "ಅಷ್ಟ್ ಜನ್ರ ಮುಂದೆ ಬೇಕಿತ್ತಾ?" ಎಂದರು. ಬೇಕಿತ್ತು ಎಂದೆ. ಒಬ್ಬರೇ ಇದ್ದಾಗ ಹೇಳಿದ್ದರೆ ಅದು ನಾಳೆ ಬಾಗಿಲಲ್ಲಿ ನಿಂತು ಆಡುವ ಇನ್ನೊಂದು ತಮಾಷೆಯಾಗುತ್ತಿತ್ತು.

ಇದು ಆಗಿ ಐದು ತಿಂಗಳು. ಓರಗಿತ್ತಿ ನನ್ನೊಂದಿಗೆ ಉಪ್ಪು, ಹಾಲು, ಗ್ಯಾಸು ಇಷ್ಟಕ್ಕೆ ಮಾತ್ರ ಮಾತಾಡುತ್ತಾರೆ. ನಾನು ಪೂಜೆಗೆ ಕೂತಾಗ ಅವರು ಹಿತ್ತಲಿಗೆ ಹೋಗುತ್ತಾರೆ. ಬೆಳಗಿನ ಹೊತ್ತು ಮನೆ ಇಷ್ಟು ನಿಶ್ಶಬ್ದವಾಗಿ ಇದ್ದದ್ದು ನನಗೆ ನೆನಪಿಲ್ಲ, ಇದನ್ನೂ ಒಂದು ದಯೆ ಎಂದು ಎಣಿಸಿಕೊಂಡಿದ್ದೇನೆ. ಅವರನ್ನು ಕ್ಷಮಿಸುವ ಮನಸ್ಸು ಕೊಡು ಎಂದು ಬೇಡಬೇಕು, ಗೊತ್ತಿದೆ. ಲಿಂಗ ಅಂಗೈಗೆ ಬಂದ ಕೂಡಲೇ ಮೊದಲು ನೋಡಿಬಿಡೋಣ, ಆಮೇಲೆ ಬೇಡೋಣ ಎನ್ನಿಸುತ್ತದೆ. ನೋಡುತ್ತಾ ಕೂತರೆ ಹಾಲು ಉಕ್ಕುವ ಹೊತ್ತಾಗುತ್ತದೆ, ಏಳುತ್ತೇನೆ. ಬೇಡುವುದು ಇನ್ನೂ ಆಗಿಲ್ಲ.